ಗೋಡೆಯ ಗಂಗವ್ವ

ಆ ಭಾನುವಾರ ಬೆಳಿಗ್ಗೆ ಶಿವಬಸವ್ವ ಹೂವಿನ ಬುಟ್ಟಿ ಹಿಡಿದು ಹಿಂಬದಿಗೆ ಬಂದಾಗ ಗಂಗವ್ವನ ಬಾಯಿ ಒಣಗಿತ್ತು.

ವಾರದಿಂದ ಹಿಡಿದ ಮಳೆ ಆಗಲೂ ಸುರಿಯುತ್ತಿತ್ತು. ಕಾತ್ರಜ್ ಗುಡ್ಡದ ನೆತ್ತಿ ಮೋಡದೊಳಗೆ ಮುಳುಗಿ ಕಾಣದಾಗಿತ್ತು. ತಾರಸಿಯ ಕೊಳವೆಗಳಿಂದ ನೀರು ಧೋ ಎಂದು ಬೀಳುತ್ತಿತ್ತು, ಮೆಟ್ಟಿಲ ಮೇಲೆ ಹರಿಯುತ್ತಿತ್ತು, ಕಾರುಗಳ ಗಾಜಿನ ಮೇಲೆ ಇಳಿಯುತ್ತಿತ್ತು. ಇಷ್ಟು ನೀರಿನ ನಡುವೆ ಗೋಡೆಯ ಹಿತ್ತಾಳೆ ಗೋಮುಖದಿಂದ ಮಾತ್ರ ಒಂದು ಹನಿಯೂ ಬರುತ್ತಿರಲಿಲ್ಲ. ಬಾಯಂಚಿನಲ್ಲಿ ಕೆಮ್ಮಣ್ಣು ಕಟ್ಟಿಕೊಂಡಿತ್ತು. ಶಿವಬಸವ್ವ ಬೆರಳಿನಿಂದ ಅದನ್ನು ಒರೆಸಿದಳು. ಒಳಗಿನ ಮಣ್ಣು ಗಟ್ಟಿಯಾಗಿತ್ತು, ತಣ್ಣಗಿತ್ತು.

ಗಿರಿಶೋಭಾ ಸೊಸೈಟಿಯನ್ನು ಕಟ್ಟಿದವರು ಗುಡ್ಡದ ಪಕ್ಕೆಯನ್ನು ಕೊರೆದು ಜಾಗ ಮಾಡಿದ್ದರು. ಕೊರೆದ ಮಣ್ಣು ಜರಿಯದಂತೆ ಬಿ ವಿಂಗ್‌ನ ಬೆನ್ನಿಗೆ ಎತ್ತರದ ಕಲ್ಲಿನ ಗೋಡೆ ಎಬ್ಬಿಸಿದ್ದರು. ಗೋಡೆಗೂ ಕಟ್ಟಡಕ್ಕೂ ನಡುವೆ ಕಾರು ನಿಲ್ಲಿಸುವಷ್ಟು ಜಾಗ. ಶಿವಬಸವ್ವ ತನ್ನ ನೆಲಮಹಡಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ತಲೆ ಎತ್ತಿದರೆ ಅಡುಗೆಮನೆಯ ಕಿಟಕಿಯ ತುಂಬ ಅದೇ ಗೋಡೆ. ಅದರಲ್ಲಿ ಸಾಲುಸಾಲಾಗಿ ತೂತುಗಳಿದ್ದವು. ಮಳೆಗಾಲದಲ್ಲಿ ಅವುಗಳಿಂದ ನೀರು ಜಿನುಗುತ್ತಿತ್ತು. ಅಡುಗೆಮನೆಯ ಎದುರಿನ ತೂತಿನಿಂದ ಮಾತ್ರ ಕಿರುಬೆರಳ ಗಾತ್ರದ ಧಾರೆ, ತಿಳಿಯಾಗಿ, ದೀಪಾವಳಿಯವರೆಗೂ ಬರುತ್ತಿತ್ತು.

ಅದನ್ನು ಮೊದಲ ಸಲ ಕಂಡ ದಿನ ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಿದ್ದಳು. ಬೈಲಹೊಂಗಲದ ಕಡೆಯಿಂದ ಫಕೀರಪ್ಪನ ಕೈಹಿಡಿದು ಪುಣೆಗೆ ಬಂದ ಮೇಲೆ ಅವಳ ಅರ್ಧ ಆಯುಷ್ಯ ನೀರಿನ ಪಾಳಿಯಲ್ಲೇ ಹೋಗಿತ್ತು. ಧನಕವಡಿಯ ಚಾಳಿನಲ್ಲಿ ಎಲ್ಲರಿಗೂ ಒಂದೇ ನಳ. ಟ್ಯಾಂಕರ್ ಬಂದ ದಿನ ಹೊಡೆದಾಟ. ಮರಾಠಿಯನ್ನು ಅವಳು ಕಲಿತದ್ದೇ ಆ ಜಗಳಗಳಲ್ಲಿ. ಮೊದಲು ಬೈಗುಳ ಬಂದವು, ಆಮೇಲೆ ಮಾತು. ಅಂಥವಳಿಗೆ, ಕೇಳದೆ, ಕಾಯದೆ, ಕಲ್ಲಿನೊಳಗಿನಿಂದ ತಾನಾಗಿ ಬರುವ ನೀರು ಬರೀ ನೀರಾಗಿ ಕಾಣಲಿಲ್ಲ.

ಆ ವರ್ಷವೇ ಐದು ಹಳ್ಳುಗಳನ್ನು, ನುಣುಪಾದ ಸಣ್ಣ ಕಲ್ಲುಗಳನ್ನು, ಆರಿಸಿ ತಂದು, ತೂತಿನ ಕೆಳಗೆ ಕಟ್ಟೆ ಮಾಡಿ, ಗಂಗವ್ವನನ್ನು ಕೂರಿಸಿದಳು. ಶ್ರಾವಣದಲ್ಲಿ ಹಸಿರು ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಮರಾಠಿ ಹೆಂಗಸರಿಗೂ ಅದು ತಮ್ಮದೇ ಪದ್ಧತಿಯಾಗಿ ಕಂಡಿತು. ಮರುವರ್ಷ ಎಲ್ಲರೂ ಸೇರಿ ಹಿತ್ತಾಳೆಯ ಗೋಮುಖ ಹಾಕಿಸಿದರು. ಬಸುರಿಯರು ಬಂದು ನಮಸ್ಕರಿಸಿ ಹೋಗುವುದು ರೂಢಿಯಾಯಿತು.

ಹೋದ ವರ್ಷ ಗೋಡೆಗೆ ಬಣ್ಣ ಹಚ್ಚುವಾಗ ಉಳಿದ ತೂತುಗಳ ಮಾತು ಬಂತು. ಅವು ಬಣ್ಣದ ಮೇಲೆ ಕಂದು ಕಲೆ ಇಳಿಸುತ್ತವೆ, ಸೊಳ್ಳೆ ಮಾಡುತ್ತವೆ ಎಂದು ಕೆಲವರಿಗೆ ಬೇಸರ. ಶಿವಬಸವ್ವನಿಗೆ ಬೇರೆ ಆಸೆ. "ಮುಚ್ಚಿಸಿಬಿಡ್ರಿ. ಎಲ್ಲಾ ನೀರೂ ಗಂಗವ್ವನ ಬಾಯಿಲೇ ಬರಲಿ" ಎಂದಳು. ಕಾರ್ಯದರ್ಶಿ ನೀಲಿಮಾ ಹೂಂ ಎಂದಳು. ಭೋರ್ ಕಡೆಯ ಬಣ್ಣದವನು ಒಂದೊಂದೇ ತೂತಿಗೆ ಸಿಮೆಂಟು ಮೆತ್ತಿ, ಮೇಲೆ ಹಳದಿ ಬಣ್ಣ ಬಳಿದ. ಗೋಡೆ ಮದುವೆಮನೆಯ ಗೋಡೆಯಂತೆ ಕಂಗೊಳಿಸಿತು.

ಈಗ ಅದೇ ಹಳದಿ ಗೋಡೆಯನ್ನು ಅವಳು ಮಳೆಯಲ್ಲಿ ನಿಂತು ನೋಡಿದಳು. ನಡುವೆ ಅದು ಮುಂದಕ್ಕೆ ಬಂದಂತಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬಂದಂತೆ ಅಲ್ಲ, ಬಂದಿತ್ತು.

"ಆಂಟಿ, ಅಲ್ಲಿಂದ ಈಚೆ ಬನ್ನಿ."

ಮೂರನೇ ಮಹಡಿಯ ಬಾಡಿಗೆ ಮನೆಯ ಸಿಂಧೂರ. ಮಂಡ್ಯದ ಹುಡುಗಿ, ಖರಾಡಿಯ ಕಂಪನಿಯೊಂದರಲ್ಲಿ ಕೆಲಸ, ಕಂಕುಳಲ್ಲಿ ಮೂರು ತುಂಬದ ಮಗಳು ಚಿನ್ನು. ಜೊತೆಗೆ ಮಳೆಕೋಟು ತೊಟ್ಟ ಇನ್ನೊಬ್ಬ ಹೆಂಗಸು.

"ಇವರು ಹರ್ಷದಾ. ನನ್ನ ಕಲೀಗ್‌ನ ಅಕ್ಕ, ಸ್ಟ್ರಕ್ಚರಲ್ ಎಂಜಿನಿಯರ್. ನೆನ್ನೆ ಇಲ್ಲಿ ಟೈಲ್ಸ್ ಎದ್ದಿರೋ ಫೋಟೋ ಕಳ್ಸಿದ್ದೆ. ನೋಡಿ ಓಡ್‌ಬಂದ್ಬಿಟ್ರು, ಪಾಪ."

ಹರ್ಷದಾ ಪಾರ್ಕಿಂಗಿನಲ್ಲಿ ಉಬ್ಬಿ ಎದ್ದ ಟೈಲ್ಸ್ ನೋಡಿದಳು. ಗೋಡೆಯ ಮೇಲ್ಗಡೆ, ಹೊಸ ಬಿಲ್ಡರು ಎರಡನೇ ಹಂತದ ಕಟ್ಟಡಕ್ಕೆಂದು ಗುಡ್ಡ ಕಡಿದು ಅಂಚಿಗೆ ರಾಶಿ ಹಾಕಿದ್ದ ಮಣ್ಣನ್ನು ನೋಡಿದಳು. ಅಲ್ಲಿನ ದೀಪದ ಕಂಬ ಕೆಳಗೆ ಇಣುಕುವವನಂತೆ ವಾಲಿತ್ತು. ಆಮೇಲೆ ಅವಳು ದೂರದಿಂದಲೇ ಗೋಡೆಯ ಮೇಲೆ ಕಣ್ಣಾಡಿಸಿ ಏನನ್ನೋ ಹುಡುಕಿದಳು. ಹುಡುಕಿದ್ದು ಸಿಗಲಿಲ್ಲ.

"ಕಾಕು, ಹೀ ಭೋಕಂ ಕುಣೀ ಬುಜವಲೀ?"

ಚಿಕ್ಕಮ್ಮಾ, ಈ ತೂತು ಯಾರು ಮುಚ್ಚಿದರು ಎಂಬ ಪ್ರಶ್ನೆ. ಶಿವಬಸವ್ವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ಅರ್ಥವಾಗದವಳಂತೆ ಹೂವಿನ ಬುಟ್ಟಿಯನ್ನು ನೋಡುತ್ತ ನಿಂತಳು.

ಹರ್ಷದಾ ಉತ್ತರಕ್ಕೆ ಕಾಯಲಿಲ್ಲ. ಗೋಡೆ ಮಣ್ಣನ್ನು ತಡೆಯಬಲ್ಲದು, ನೀರನ್ನು ತಡೆಯಲಾರದು. ಅದಕ್ಕೇ ತೂತು ಬಿಟ್ಟಿರುತ್ತಾರೆ. ಈಗ ಹೊರಗೆ ಬರಬೇಕಾದ ನೀರೆಲ್ಲ ಗೋಡೆಯ ಹಿಂದೆ ನಿಂತು ತಳ್ಳುತ್ತಿದೆ ಎಂದಳು. ತೂತು ಬಿಡಿಸಲು ಹೋಗಬೇಡಿ, ಯಾರೂ ಗೋಡೆಯ ಹತ್ತಿರ ಸುಳಿಯಬೇಡಿ, ಬಿ ವಿಂಗ್ ಈಗಲೇ ಖಾಲಿಯಾಗಲಿ ಎಂದಳು. ಅಗ್ನಿಶಾಮಕದವರಿಗೆ ಫೋನ್ ಹಚ್ಚಿದಳು. ಎಲ್ಲ ಕಡೆ ನೀರು ನುಗ್ಗಿದೆ, ಬರುವುದು ತಡವಾಗಬಹುದು ಎಂದರಂತೆ. ಕೆಳರಸ್ತೆಯಲ್ಲಿ ಅವರಿಗೆ ದಾರಿ ತೋರಿಸಲು, ಮೇಲೆ ಬರುವ ವಾಹನ ತಡೆಯಲು ಅವಳು ಇಳಿದು ಹೋದಳು. ಹೋಗುವ ಮುಂಚೆ ಶಿವಬಸವ್ವನ ತೋಳು ಹಿಡಿದು, "ಇವರೆಲ್ಲ ನಿಮ್ಮ ಮಾತು ಕೇಳುತ್ತಾರಂತೆ. ಹೊರಡಿಸಿ" ಎಂದು ಮರಾಠಿಯಲ್ಲಿ ಹೇಳಿದಳು.

ಮಾತು ಯಾರೂ ಕೇಳಲಿಲ್ಲ.

ನೀಲಿಮಾ ಬಾಗಿಲಲ್ಲೇ ನಿಂತು ತಲೆ ಅಲ್ಲಾಡಿಸಿದಳು. ಬೆಳಗಾವಿಯವಳು, ಬ್ಯಾಂಕಿನಲ್ಲಿ ಕೆಲಸ. ಸೊಸೈಟಿಯ ಒಂದೊಂದು ಕಾಗದವನ್ನೂ ಓದಿದವಳು. "ಕಾಕು, ನಿಮಗ ತಿಳಿಯಂಗಿಲ್ರಿ. ಮ್ಯಾಲಿನ ಬಿಲ್ಡರ್‌ಗ ನಮ್ಮ ಜಾಗಾ ಬೇಕಾಗೇದ. ರೀಡೆವಲಪ್‌ಮೆಂಟ್ ಅಂತ ಎಷ್ಟು ಸರ್ತಿ ಬಂದು ಹೋದಾ. ಈಗ ಎಂಜಿನಿಯರ್ ಕಳಿಸ್ಯಾನ. ಒಮ್ಮೆ ನಾವು ಹೊರಗ ಹೋದ್ವಿ ಅಂದ್ರ ಕೀಲಿ ಅವನ ಕೈಯಾಗ."

"ಆಕಿನ್ನ ಬಿಲ್ಡರ್ ಕಳಿಸಿಲ್ಲ, ಯವ್ವಾ. ಸಿಂಧೂರ ಕರದಾಳ."

"ಸಿಂಧೂರ ಬಾಡಿಗಿದಾಕಿ. ಆಕಿದೇನು ಹೋಗ್ತದ್ರಿ? ಇಲ್ಲಿ ಬ್ಯಾಡಾದ್ರ ಇನ್ನೊಂದು ಕಡೆ."

ಎರಡನೇ ಮಹಡಿಯ ಚಂದಮ್ಮ ಇಡ್ಲಿ ಪಾತ್ರೆ ಕೆಳಗಿಡದೆಯೇ ನಕ್ಕಳು. "ಗಂಗವ್ವ ಕುಂತಾಳ ಗೋಡ್ಯಾಗ. ಎಲ್ಲಿಗೆ ಹೋಗ್ತದ ಗೋಡಿ? ನೀವs ಕುಂದ್ರಿಸೀರಿ, ನೀವs ಹಿಂಗಂದ್ರ ಹೆಂಗ್ರಿ?"

ಪ್ರತಿ ಬಾಗಿಲಲ್ಲೂ ಇವೆರಡರಲ್ಲಿ ಒಂದು ಉತ್ತರ. ಕೆಲವರು ಎರಡನ್ನೂ ಕೊಟ್ಟರು. ಚಾ ಕುಡಿದು ಹೋಗಿ ಎಂದು ಕರೆದವರೂ ಇದ್ದರು. ಶಿವಬಸವ್ವ ಮೆಟ್ಟಿಲು ಇಳಿದು ಬಂದಳು. ಗೋಮುಖ ಒಣಗಿದೆ ಎಂದು ಹೇಳಿದ್ದಳು. "ಹಂಗಾದ್ರ ಒಂದು ಕಾಯಿ ಒಡೀರಿ" ಎಂದಿದ್ದರು. ತೂತು ಮುಚ್ಚಿಸಿದ್ದು ತಪ್ಪಾಯಿತು ಎಂಬ ಮಾತು ಮಾತ್ರ ಯಾವ ಬಾಗಿಲಲ್ಲೂ ಗಂಟಲು ದಾಟಿರಲಿಲ್ಲ.

ಮನೆಯಲ್ಲಿ ಫಕೀರಪ್ಪ ಕುರ್ಚಿಯಲ್ಲಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಕಾರ್ಖಾನೆಯಲ್ಲಿ ನಿಂತು ನಿಂತು ಸವೆದ ಮೊಣಕಾಲು.

"ಏಳ್ರಿ, ಹೊರಗ ಹೋಗೂಣು."

"ಮಳ್ಯಾಗ?"

"ಗೋಡಿ ಬೀಳ್ತದಂತ."

"ನಿನ್ನ ಗಂಗವ್ವಗ ಹೇಳು, ಹಿಡಕೋತಾಳ." ಅವನು ದೇವರ ವಿಷಯದಲ್ಲಿ ಮೊದಲಿನಿಂದಲೂ ಹೀಗೆಯೇ. ಹೆಂಡತಿಯ ಪೂಜೆಗೆ ಅಡ್ಡಬರುತ್ತಿರಲಿಲ್ಲ, ಪ್ರಸಾದ ಬಿಡುತ್ತಿರಲಿಲ್ಲ, ಚೇಷ್ಟೆಯನ್ನೂ ಬಿಡುತ್ತಿರಲಿಲ್ಲ. "ಇಂಥಾ ಮಳಿ ಎಷ್ಟು ಬಂದಾವು. ಗೋಡಿ ಏನು ಇವತ್ತು ಎದ್ದು ಓಡ್ತದೇನು?"

ಆಗ ಹೊರಗಿನಿಂದ ಟಪ್ ಎಂಬ ಸದ್ದು ಬಂತು. ಕಿಟಕಿಯಿಂದ ಕಂಡಿತು: ಗೋಡೆಯ ಹೊಟ್ಟೆಯಿಂದ ಹಳದಿ ಬಣ್ಣದ ಚೂರೊಂದು ಸಿಡಿದು ಕಾರಿನ ಬಾನೆಟ್ಟಿನ ಮೇಲೆ ಬಿದ್ದಿತ್ತು. ಸಿಮೆಂಟಿನ ಬಿರಡೆ. ಅದು ಇದ್ದ ತೂತಿನಿಂದ ಒಂದು ಕ್ಷಣ ಕೆಂಪು ನೀರು ಮೊಳದುದ್ದ ಚಿಮ್ಮಿ, ಮತ್ತೆ ಮಣ್ಣು ಸಿಕ್ಕಿ ನಿಂತಿತು.

ಗಂಗವ್ವ ಇರುವ ತನಕ ಇವರು ಏಳುವುದಿಲ್ಲ. ಗಂಗವ್ವ ಎದ್ದರೆ ಏಳುತ್ತಾರೆ. ಶಿವಬಸವ್ವನಿಗೆ ಅದು ಹೊಳೆದದ್ದೇ ಹಿಂಬಾಗಿಲು ತೆಗೆದು ಹೊರಗೆ ಹೆಜ್ಜೆ ಇಟ್ಟಳು. ಐದು ಹಳ್ಳುಗಳನ್ನು ಉಡಿಯಲ್ಲಿ ಹಾಕಿಕೊಂಡು ಬಂದರೆ ಸಾಕು. ಎರಡು ಹೆಜ್ಜೆಗೆ ಕಾಲಡಿಯ ಟೈಲ್ಸ್ ದೋಣಿಯ ಹಲಗೆಯಂತೆ ಅಲ್ಲಾಡಿತು. ಸಂದಿಯಿಂದ ಕೆಸರು ಉಕ್ಕಿ ಪಾದವನ್ನು ಮುಚ್ಚಿತು. ಎದುರಿಗೆ ಕಟ್ಟೆ, ಕುಂಕುಮ ತೊಳೆದುಹೋದ ಐದು ಕಲ್ಲು. ಕೈ ಚಾಚಿದರೆ ಸಿಗುವಷ್ಟು ಹತ್ತಿರವಿಲ್ಲ, ಬಿಟ್ಟು ಬರುವಷ್ಟು ದೂರವೂ ಇಲ್ಲ. ಅವಳು ಅಲ್ಲಿಯೇ ನಿಂತು ಕೈಮುಗಿದಳು. ತಿರುಗಿ ಒಳಗೆ ಬಂದು ಬಾಗಿಲು ಹಾಕಿದಳು.

ತಾಮ್ರದ ಕೊಡವನ್ನು ಅಡುಗೆಮನೆಯ ನಳದ ಕೆಳಗೆ ಇಟ್ಟು ತಿರುವಿದಳು. ಕೊಡ ತುಂಬುವ ಸದ್ದು ಮನೆ ತುಂಬಿತು. ಕೊಡದ ಕೊರಳಿಗೆ ಅರಿಸಿನ, ಕುಂಕುಮ. ಐದು ಎಲೆ, ಮೇಲೊಂದು ತೆಂಗಿನಕಾಯಿ. ಶ್ರಾವಣಕ್ಕೆಂದು ತಂದಿಟ್ಟಿದ್ದ ಹಸಿರು ಖಣ ತೆಗೆದು ಸುತ್ತಿದಳು.

ಫಕೀರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮುಸುರೆ ಕೈಯಲ್ಲಿ ದೇವರ ತಟ್ಟೆ ಮುಟ್ಟದವಳು, ಹಾಲಿಗೆ ನೀರು ಬೆರೆಸಿ ನೈವೇದ್ಯ ಮಾಡಿದ ನೆರೆಯವಳ ಮನೆಗೆ ವರ್ಷಗಟ್ಟಲೆ ಹೋಗದವಳು, ನಳದ ನೀರಿಗೆ ಖಣ ಸುತ್ತುತ್ತಿದ್ದಳು. ಅವನ ಮುಖದಿಂದ ಚೇಷ್ಟೆ ಇಳಿದುಹೋಯಿತು.

"ಖರೇನs ಬೀಳ್ತದೇನು?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು. ಸಿಂಬೆ ಇಟ್ಟು ಕೊಡವನ್ನು ತಲೆಗೇರಿಸಿಕೊಂಡಳು. ಗಂಗೆಯನ್ನು ಹೊತ್ತವಳು ಮಾತಾಡಬಾರದು, ಹಿಂದಕ್ಕೆ ತಿರುಗಬಾರದು. ಅದು ಅವಳ ತವರಿನ ಕಟ್ಟಳೆ. ಇಲ್ಲಿಯ ಹೆಂಗಸರಿಗೂ ಅವಳೇ ಕಲಿಸಿದ್ದಳು. ಈಗ ಅದು ಒಂದು ಬಗೆಯಲ್ಲಿ ಅವಳನ್ನು ಉಳಿಸಿತು. ಸುಳ್ಳನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಹೇಳಿದವನು ಫಕೀರಪ್ಪ. ಊಟದ ಹಿತ್ತಾಳೆ ತಾಟು ಎತ್ತಿಕೊಂಡು, ಕೋಲನ್ನು ಬಗಲಿಗೆ ಸಿಕ್ಕಿಸಿ, ಮೆಟ್ಟಿಲ ಬುಡದಲ್ಲಿ ನಿಂತು ಸೌಟಿನಿಂದ ಬಾರಿಸತೊಡಗಿದ. ಆ ನಾದ ಸುತ್ತಿ ಸುತ್ತಿ ಮೇಲೇರಿತು.

"ಗಂಗವ್ವ ಗುಡ್ಡಾ ಬಿಟ್ಟು ಹೊಂಟಾಳ್ರೀ! ಬರ್ರಿ ಎಲ್ಲಾರೂ! ದೇವಿ ನಿಘಾಲೀ, ಯಾ ಸಗಳೇ!"

ಮೇಲೆ ಬಾಗಿಲುಗಳು ತೆರೆದುಕೊಂಡವು. ಚಂದಮ್ಮ ಕಟಕಟೆಯಿಂದ ಇಣುಕಿ, ಕೊಡ ಕಂಡು, ಸೆರಗು ತಲೆಗೆಳೆದುಕೊಂಡಳು. "ಅಯ್ಯ, ಏನಾತ್ರಿ?"

"ಏನಾತು ಅಂತ ದಾರ್ಯಾಗ ಕೇಳಬಾರ್ದು. ಚಪ್ಪಲ್ ಬಿಟ್ಟು ಬರ್ರಿ. ಮನ್ಯಾಗ ಒಬ್ಬರೂ ಉಳಿಬಾರ್ದು. ಉಳದ್ರ ಗಂಗವ್ವ ಹೆಜ್ಜಿ ಕೀಳಂಗಿಲ್ಲ."

ಇಂಥ ಕಟ್ಟಳೆಯನ್ನು ಶಿವಬಸವ್ವ ಎಂದೂ ಕೇಳಿರಲಿಲ್ಲ. ಬೆನ್ನ ಹಿಂದೆ ಪಾದಗಳ ಸದ್ದು ಒಂದೊಂದಾಗಿ ಸೇರಿಕೊಳ್ಳುತ್ತಿತ್ತು, ತಿರುಗಿ ನೋಡುವಂತಿರಲಿಲ್ಲ. ನೀಲಿಮಾಳ ದನಿ ಕೇಳಿಸಿತು, "ಅಪ್ಪಾ, ಟಿವಿ ಆಮ್ಯಾಲೆ ನೋಡಾಕ ಬರ್ತದ, ಏಳ್ರಿ, ಅಮಂಗಳ ಆಗ್ತದ." ಒಬ್ಬ ಗಂಡಸು ಮರಾಠಿಯಲ್ಲಿ ಗೊಣಗಿದ, ಅವನ ಹೆಂಡತಿ ಗದರಿದಳು. ಚಿನ್ನು ಅಳುತ್ತಿತ್ತು. ಫಕೀರಪ್ಪ ಪ್ರತಿ ಮಹಡಿಯವರ ಹೆಸರು ಹಿಡಿದು ಕೂಗಿ, ಉತ್ತರ ಬಂದ ಮೇಲೆಯೇ, "ಹೂಂ, ನಡೀ ಇನ್ನ" ಎಂದು ಅವಳಿಗೆ ಹೇಳಿದ.

ಬರಿಗಾಲ ಮೆರವಣಿಗೆ ಗೇಟು ದಾಟಿ, ರಸ್ತೆ ದಾಟಿ, ಎದುರಿನ ಶಾಲೆಯ ಪಡಸಾಲೆಗೆ ಬಂತು. ಶಾಲೆಗೆ ಬೀಗ. ಪಡಸಾಲೆ ಒದ್ದೆಯಾಗಿದ್ದರೂ ಮೇಲೆ ಸೂರಿತ್ತು. ಶಿವಬಸವ್ವ ಕೊಡ ಇಳಿಸಿ, ಅದರ ಪಕ್ಕದಲ್ಲೇ ಗೋಡೆಗೊರಗಿ ಕುಳಿತಳು. ಇಲ್ಲಿಂದ ಬಿ ವಿಂಗ್‌ನ ಮುಖ ಮಾತ್ರ ಕಾಣುತ್ತಿತ್ತು. ಒಣಹಾಕಿದ ಬಟ್ಟೆ, ತುಳಸಿ ಕುಂಡ, ಉರಿಯುತ್ತಿರುವ ಟ್ಯೂಬ್‌ಲೈಟುಗಳು. ಹಿಂದಿನ ಗೋಡೆ ಕಾಣುತ್ತಿರಲಿಲ್ಲ.

ಏನೂ ಆಗಲಿಲ್ಲ. ಮಳೆ ಸುರಿಯಿತು. ಜನ ಮೊದಲು ಪಿಸುಗುಟ್ಟಿದರು, ಆಮೇಲೆ ಮಾತಾಡಿದರು, ಆಮೇಲೆ ಬೇಸರಪಟ್ಟರು. ಒಬ್ಬರಿಗೆ ಗ್ಯಾಸ್ ಮೇಲಿಟ್ಟ ಸಾರಿನ ನೆನಪಾಯಿತು, ಇನ್ನೊಬ್ಬರಿಗೆ ಮಾತ್ರೆಯ ನೆನಪಾಯಿತು. "ಆರತಿ ಯಾವಾಗ್ರಿ?" ಎಂದು ಚಂದಮ್ಮ ಮೂರು ಸಲ ಕೇಳಿದಳು. "ಘಳಿಗಿ ಕೂಡಿ ಬರಬೇಕಲ್ಲ" ಎಂದ ಫಕೀರಪ್ಪ, ಪಂಚಾಂಗವನ್ನೇ ನೋಡದವನು.

ಚಿನ್ನು ಅಳು ನಿಲ್ಲಿಸಲಿಲ್ಲ. "ನೀರೂ, ನೀರೂ" ಎಂದು ತಾಯಿಯ ದುಪಟ್ಟಾ ಜಗ್ಗುತ್ತಿತ್ತು. ಸಿಂಧೂರ ಸುತ್ತ ನೋಡಿದಳು. ಅವಸರದಲ್ಲಿ ಬಂದವರ ಕೈ ಎಲ್ಲರದೂ ಖಾಲಿ. ಮೂಲೆಯ ಚಾ ಅಂಗಡಿ ಮುಚ್ಚಿತ್ತು.

"ಕೂಸು ಎಷ್ಟರ ಅಳಬೇಕು" ಎಂದು ನೀಲಿಮಾ ಎದ್ದಳು. "ಹೋಗಿ ನೀರು ತರ್ತೀನಿ, ಹಾಲೂ ಅದ ನಮ್ಮನ್ಯಾಗ. ಚಂದಮ್ಮಾರ, ಗ್ಯಾಸ್ ಬಂದ್ ಮಾಡಿ ಬರ್ಲೇನ್ರಿ?"

"ನಾನೂ ಬರ್ತೀನಿ ನಿಂತ್ಕೊ" ಎಂದಳು ಚಂದಮ್ಮ.

"ಬೇಡ, ಪ್ಲೀಸ್, ಯಾರೂ ಹೋಗ್ಬೇಡಿ" ಎಂದು ಸಿಂಧೂರ ಅಡ್ಡ ನಿಂತಳು. ಬಾಡಿಗೆಯವಳ ಮಾತಿಗೆ ನೀಲಿಮಾ ನಕ್ಕು, ಮಗುವಿನ ಗಲ್ಲ ಸವರಿ, ಪಡಸಾಲೆಯ ಮೆಟ್ಟಿಲು ಇಳಿದಳು. ಹಿಂದೆ ಇನ್ನೂ ನಾಲ್ಕಾರು ಜನ ಎದ್ದರು.

"ನೀಲಿಮಾ" ಎಂದಳು ಶಿವಬಸವ್ವ. "ನೀರು ಇಲ್ಲೇ ಅದಾವ. ಇದನ್ನ ಕುಡಸ್ರಿ."

ನೀಲಿಮಾ ಮಳೆಯಲ್ಲೇ ತಿರುಗಿದಳು. "ಏನ್ ಮಾತಾಡ್ತೀರಿ ಕಾಕು. ಆರತಿ ಆಗಿಲ್ಲ, ಏನಿಲ್ಲ. ಗಂಗವ್ವನ್ನ ಎಂಜಲ ಮಾಡೂದೇನ್ರಿ?"

ಶಿವಬಸವ್ವ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ತೆಂಗಿನಕಾಯಿ ಎತ್ತಿ ಪಕ್ಕಕ್ಕಿಟ್ಟಳು, ಎಲೆಗಳನ್ನು ತೆಗೆದಳು, ಕೊಡವನ್ನು ಬಗ್ಗಿಸಿ ಬೊಗಸೆಯಲ್ಲಿ ನೀರು ಹಿಡಿದಳು. ಚಿನ್ನು ಓಡಿಬಂದು ಅದರಲ್ಲಿ ಮುಖವಿಟ್ಟು ಕುಡಿಯಿತು.

"ನಳದ ನೀರು" ಎಂದಳು ಶಿವಬಸವ್ವ. "ನಮ್ಮ ಅಡಗಿಮನಿದು. ಗಂಗವ್ವನ್ನ ನಾ ತಂದಿಲ್ಲ. ಆಕಿ ಅಲ್ಲೇ ಗೋಡಿ ಬುಡಕs ಅದಾಳ."

"ಅಂದ್ರ," ಎಂದಳು ನೀಲಿಮಾ, "ನಳದ ನೀರಿಗೆ ನಮ್ಮಪ್ಪನ್ನ ಮಳ್ಯಾಗ ಬರಿಗಾಲಲೇ ನಡಸ್ಕೊಂಡು ಬಂದೆ? ಬಿಲ್ಡರ್ ಮಂದಿ ಕೂಡ ನೀವೂ ಸೇರೀರೇನು? ನಡೀರಿ ಎಲ್ಲಾರೂ. ಮನಿಗೆ ನಡೀರಿ."

"ಹೋಗೂಕಿಂತ ಮೊದಲ ಇನ್ನೊಂದು ಕೇಳಿ ಹೋಗ್ರಿ. ತೂತು ಮುಚ್ಚಿಸಿದಾಕಿ ನಾನು. ಬೆಳಿಗ್ಗೆ ಆ ಎಂಜಿನಿಯರ್ ಹೆಣ್ಮಗಳು ಅದನ್ನs ಕೇಳಿದ್ಲು. ನಾ ಬಾಯಿ ಬಿಡಲಿಲ್ಲ. ನೀರು ಹೋಗಾಕ ದಾರಿ ಇಲ್ಲದ ಗೋಡಿ ನೂಕ್ಲಿಕ್ಕತ್ತಾವ."

ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದರು. ಬೈಯಲು ಬಂದರು. ಚಂದಮ್ಮ ದೇವರ ಹೆಸರಿನಲ್ಲಿ ಮೋಸ ಮಾಡಿದ್ದಕ್ಕೆ ಬೈದಳು. ಒಬ್ಬ ಗಂಡಸು ಗೋಮುಖಕ್ಕೆ ಕೊಟ್ಟ ವಂತಿಗೆ ನೆನೆದು ಬೈದ. ಮರಾಠಿ, ಕನ್ನಡ, ಹಿಂದಿ ಒಂದರ ಮೇಲೊಂದು ಬಿದ್ದವು. ಶಿವಬಸವ್ವನಿಗೆ ಒಂದು ತಿಳಿಯಿತು: ಬಾಯಿ ನಡೆಯುವ ತನಕ ಇವರ ಕಾಲು ನಡೆಯುವುದಿಲ್ಲ. ನಳದ ಪಾಳಿಯ ಜಗಳಗಳನ್ನು ಕಂಡವಳು ಅವಳು. ಜಗಳ ಆರುತ್ತ ಬಂದಾಗೆಲ್ಲ ಒಂದೊಂದು ಕೊಳ್ಳಿ ಒಟ್ಟಿದಳು. "ಬಣ್ಣದವ ಬ್ಯಾಡಂದಿದ್ದ, ನಾನs ಹಟಾ ಮಾಡ್ದೆ" ಎಂದಳು. ಅದು ಸುಳ್ಳು, ಅವನು ಏನೂ ಅಂದಿರಲಿಲ್ಲ. "ನನಗ ಗಂಗವ್ವನ ಪೂಜಾರಿ ಅನಿಸ್ಕೊಳ್ಳೂದು ಬೇಕಾಗಿತ್ತು" ಎಂದಳು. ಅದು ಸುಳ್ಳಾಗಿರಲಿಲ್ಲ.

ನೀಲಿಮಾ ಎಲ್ಲರಿಗಿಂತ ಮುಂದೆ ನಿಂತು ಬೆರಳು ಚಾಚಿದ್ದಳು. "ನಿಮ್ಮ ಮಾತು ನಂಬಿ ಹೂಂ ಅಂದೆ ನಾನು. ಕಾರ್ಯದರ್ಶಿ ನಾನು, ಕೇಳಬೇಕಿತ್ತು ಯಾರನ್ನಾರ, ಕೇಳಲಿಲ್ಲ, ಹಿರೇರು ಹೇಳ್ತಾರಂತ ನಾನು..."

ಸದ್ದು ಗುಡುಗಿನಂತಿರಲಿಲ್ಲ. ನೆಲದೊಳಗೆ ಭಾರವಾದುದೇನನ್ನೋ ಎಳೆದಂತಿತ್ತು. ಶಾಲೆಯ ಕಿಟಕಿಗಾಜುಗಳು ಜಲಜಲ ಎಂದವು. ಬಿ ವಿಂಗ್‌ನ ಟ್ಯೂಬ್‌ಲೈಟುಗಳು ಒಟ್ಟಿಗೆ ಆರಿದವು. ಕಟ್ಟಡದ ಎರಡೂ ಬದಿಯಿಂದ ಕೆಂಪು ಕೆಸರು, ಅದರ ಮೇಲೆ ತೇಲುತ್ತ ಒಂದು ಕಾರಿನ ಬಾಗಿಲು, ಹಳದಿ ಬಣ್ಣದ ಕಲ್ಲುಗಳು, ನಿಧಾನವಾಗಿ, ಯಾರ ಅವಸರವೂ ಇಲ್ಲದಂತೆ ಮುಂದೆ ಬಂದು ಗೇಟಿನ ತನಕ ಹರಿದು ನಿಂತವು. ಶಿವಬಸವ್ವನ ಮನೆಯ ಮುಂಬಾಗಿಲು ಒಳಗಿನಿಂದ ಯಾರೋ ದೂಡಿದಂತೆ ತೆರೆದುಕೊಂಡಿತು. ಒಳಗಿನಿಂದ ಮಣ್ಣು ಹೊಸ್ತಿಲು ದಾಟಿತು.

ಕಟ್ಟಡ ನಿಂತೇ ಇತ್ತು.

ನೀಲಿಮಾಳ ಬೆರಳು ಇನ್ನೂ ಚಾಚಿಯೇ ಇತ್ತು. ಅವಳು ಅದನ್ನು ಮಡಚಿದಳು. ತಿರುಗಿ, ತುಟಿ ಅಲ್ಲಾಡಿಸುತ್ತ, ಪಡಸಾಲೆಯಲ್ಲಿದ್ದವರನ್ನು ಮನೆಮನೆಯಾಗಿ ಎಣಿಸಿದಳು. ತಂದೆಯ ಹತ್ತಿರ ಬಂದಾಗ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದಳು.

"ಎಲ್ಲಾರೂ ಅದಾರ" ಎಂದಳು, ಯಾರಿಗೂ ಅಲ್ಲ.

ಚಂದಮ್ಮ ಕುಳಿತಲ್ಲೇ ಅಳತೊಡಗಿದಳು. ಕೆಳರಸ್ತೆಯಿಂದ ಹರ್ಷದಾ ಓಡಿಬರುತ್ತಿರುವುದು ಕಾಣಿಸಿತು. ಫಕೀರಪ್ಪ ಕೋಲೆತ್ತಿ ಬೀಸಿ, ಎಲ್ಲರೂ ಇಲ್ಲಿದ್ದೇವೆ ಎಂದು ತೋರಿಸಿದ.

ಚಿನ್ನು ಮತ್ತೆ ನೀರು ಕೇಳಿತು. ಶಿವಬಸವ್ವ ಕೊಡ ಬಗ್ಗಿಸಲು ನೋಡಿದಳು. ಕೊಡ ವಾಲಿ ನೀರು ಸೀರೆಯ ಮೇಲೆ ಚೆಲ್ಲಿತು. ನೀಲಿಮಾ ಮುಂದೆ ಕುಳಿತು ಕೊಡದ ತಳಕ್ಕೆ ಕೈಕೊಟ್ಟಳು.

"ಉಳಿದಿದ್ದು ನಾಳೆ ಬೈತೀನ್ರಿ ಕಾಕು" ಎಂದಳು ಸಣ್ಣ ದನಿಯಲ್ಲಿ.

"ಬೈಯವ್ವಾ" ಎಂದಳು ಶಿವಬಸವ್ವ.